ಪಟ್ಟಿಯಲ್ಲಿ ಮನೆಯೇ ಇಲ್ಲ: ಕಪ್ಪು ಕವಿತೆಯ ಅನುವಾದಕರಿಗೊಂದು ಬಹಿರಂಗ ಪತ್ರ

ಪ್ರಿಯ ಅನುವಾದಕ ಗೆಳೆಯ ಗೆಳತಿಯರೆ,

ನೀವು ಕಳಿಸಿದ ಪಟ್ಟಿ ಮೊನ್ನೆ ಕೈಸೇರಿತು. ಅಮೆರಿಕದ ಕಪ್ಪು ಕವಿಗಳ ನಲವತ್ತು ಕವಿತೆಗಳನ್ನು ಕನ್ನಡಕ್ಕೆ ತರುವ ಯೋಚನೆ, ಅದರಲ್ಲಿ ಆರು ನನ್ನ ಪಾಲಿಗೆ. ಖುಷಿಯಾಯಿತು. ಈ ವಯಸ್ಸಿನಲ್ಲಿ ಯಾರಾದರೂ ಕೆಲಸ ಹಚ್ಚಿದರೆ ಖುಷಿಯೇ. ಪಟ್ಟಿಯನ್ನು ಎರಡು ಸಲ ಓದಿ, ಮೂರನೆಯ ಸಲ ಪೆನ್ಸಿಲ್ ಹಿಡಿದು ಕೂತೆ. ಹಗ್ಗ ಇದೆ, ಮರ ಇದೆ, ಬೆಂಕಿ ಇದೆ, ಪೊಲೀಸರ ಗುಂಡು ಇದೆ, ಎತ್ತಿದ ಮುಷ್ಟಿ ಇದೆ. ನಲವತ್ತರಲ್ಲಿ ಒಂದರಲ್ಲೂ ಅಡುಗೆಮನೆ ಇಲ್ಲ, ಅಜ್ಜಿ ಇಲ್ಲ, ಚಳಿಗೆ ಎದ್ದು ಒಲೆ ಹಚ್ಚುವ ಅಪ್ಪ ಇಲ್ಲ. ಇಷ್ಟೊಂದು ಜನ ಎಲ್ಲಿ ಹುಟ್ಟಿದರು, ಯಾರ ಕೈತುತ್ತು ತಿಂದು ಬೆಳೆದರು ಎಂದು ಕೇಳಬೇಕೆನಿಸಿತು.

ಇದನ್ನು ನಿಮಗಷ್ಟೇ ಬರೆದು ಮುಗಿಸಬಹುದಿತ್ತು. ಆದರೆ ಇದೇ ತಪ್ಪನ್ನು ನಾನೂ ವರ್ಷಗಟ್ಟಲೆ ಅಚ್ಚಿನಲ್ಲಿ, ವೇದಿಕೆಯ ಮೇಲೆ, ಪಾಠದ ಕೋಣೆಯಲ್ಲಿ ಮಾಡಿಕೊಂಡು ಬಂದವನು. ತಪ್ಪು ಹತ್ತು ಜನರ ಎದುರು ಆದದ್ದರಿಂದ ಪತ್ರವೂ ಹತ್ತು ಜನರ ಎದುರೇ ಇರಲಿ.

ನಮಗೆ ಆ ಕವಿತೆಗಳ ಸಿಟ್ಟು ಬೇಕಾಗಿತ್ತು ಎಂಬುದನ್ನು ಮರೆತು ಮಾತಾಡುತ್ತಿಲ್ಲ. 1972ರಲ್ಲಿ ಮುಂಬಯಿಯ ಹುಡುಗರು ತಮ್ಮ ಸಂಘಟನೆಗೆ ಹೆಸರು ಹುಡುಕಿದಾಗ ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ಸ್ ಕಡೆ ನೋಡಿ ದಲಿತ ಪ್ಯಾಂಥರ್ಸ್ ಎಂದು ಇಟ್ಟುಕೊಂಡರು. ಇಲ್ಲಿ 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂತು, 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಶುರುವಾಯಿತು. ಆಗ ಸಭೆಗೊಂದು ಕವಿತೆ ಬೇಕು ಅಂದರೆ ನಾನು ಹಿಂದಿನ ರಾತ್ರಿ ಕೂತು ಯಾವುದಾದರೂ ಕಪ್ಪು ಕವಿತೆಯನ್ನು ಕನ್ನಡಕ್ಕೆ ತಂದುಬಿಡುತ್ತಿದ್ದೆ. ಮೈಕಿನ ಮುಂದೆ ನಿಲ್ಲುವ ಕವಿತೆಯನ್ನೇ ಆರಿಸುತ್ತಿದ್ದೆ. ಮೈಕು ಸಹಿಸದ ಕವಿತೆಗಳು ಟಿಪ್ಪಣಿ ಪುಸ್ತಕದಲ್ಲೇ ಉಳಿದವು. ಈಗ ಆ ಪುಸ್ತಕ ತೆಗೆದರೆ, ಉಳಿದುಹೋದವೇ ಹೆಚ್ಚು ಗಟ್ಟಿಯಾಗಿ ಕಾಣುತ್ತವೆ.

ಈ ದೂರು ನನ್ನದಲ್ಲ, ಮೊದಲು ಹೇಳಿದವಳು ನಿಕ್ಕಿ ಜೊವಾನಿ. 1943ರಲ್ಲಿ ಟೆನೆಸಿಯ ನಾಕ್ಸ್‌ವಿಲ್‌ನಲ್ಲಿ ಹುಟ್ಟಿ, ಸಿನ್ಸಿನಾಟಿಯ ಸುತ್ತಮುತ್ತ ಬೆಳೆದು, 2024ರ ಡಿಸೆಂಬರ್ 9ರಂದು ತೀರಿಕೊಂಡವಳು. 1968ರ ಅವಳ ‘ನಿಕ್ಕಿ-ರೋಸಾ’ ಕವಿತೆ ನೆನಪು ಮಾಡಿಕೊಳ್ಳಿ. ಮನೆಯೊಳಗೆ ಕಕ್ಕಸು ಇರಲಿಲ್ಲ, ಅಪ್ಪ ಕುಡಿಯುತ್ತಿದ್ದ, ಅಪ್ಪ ಅಮ್ಮನಿಗೆ ಜಗಳವಾಗುತ್ತಿತ್ತು, ಎಲ್ಲವನ್ನೂ ಹೇಳುತ್ತಾಳೆ. ಆದರೆ ಹೇಳುವುದು ಒಂದು ಆತಂಕದಿಂದ: ಮುಂದೆ ಯಾರಾದರೂ ಬಿಳಿಯ ಲೇಖಕ ತನ್ನ ಜೀವನಚರಿತ್ರೆ ಬರೆದರೆ ಈ ಕಷ್ಟಗಳನ್ನು ಮಾತ್ರ ಬರೆದುಕೊಂಡು ಹೋಗುತ್ತಾನೆ, ಹುಟ್ಟುಹಬ್ಬಕ್ಕೆ ಎಲ್ಲರೂ ಒಟ್ಟಿಗಿದ್ದದ್ದು ಅವನ ಕಣ್ಣಿಗೆ ಬೀಳುವುದಿಲ್ಲ, ತಾನು ಅಲ್ಲಿ ಸುಖವಾಗಿದ್ದೆ ಎಂದರೆ ನಂಬುವುದಿಲ್ಲ ಎಂದು. ನಮ್ಮ ಪಟ್ಟಿಯನ್ನು ಅವಳು ನೋಡಿದ್ದರೆ, ಆ ಬಿಳಿಯ ಲೇಖಕನ ಪಕ್ಕದ ಕುರ್ಚಿಯಲ್ಲೇ ನಮ್ಮನ್ನೂ ಕೂರಿಸುತ್ತಿದ್ದಳೇನೋ.

ಮನೆಯ ಕವಿತೆಗಳನ್ನು ಸೇರಿಸಿದರೆ ಅನ್ಯಾಯದ ಮಾತು ಹಿಂದೆ ಸರಿಯುತ್ತದೆ ಎಂದು ನಿಮ್ಮಲ್ಲಿ ಒಬ್ಬರು ಫೋನಿನಲ್ಲಿ ಅಂದಿರಿ. ಅದೇ ಕವಿತೆಯಲ್ಲಿ ಅಪ್ಪ ಹಾಲಿಡೇಲ್ ಎಂಬ ಬಡಾವಣೆಯಲ್ಲಿ ತೊಡಗಿಸಿದ ಪಾಲನ್ನು ಮಾರಿಕೊಳ್ಳಬೇಕಾದ ನೋವಿನ ಪ್ರಸ್ತಾಪ ಬರುತ್ತದೆ, ಗಮನಿಸಿ. 1930ರ ದಶಕದಿಂದ ಆ ದೇಶದ ಸರ್ಕಾರದ ಗೃಹಸಾಲದ ಏರ್ಪಾಡೇ ಕಪ್ಪು ಜನರಿದ್ದ ಕೇರಿಗಳನ್ನು ನಕ್ಷೆಯ ಮೇಲೆ ಕೆಂಪು ಬಣ್ಣದಲ್ಲಿ ಗುರುತಿಸಿ ದೂರವಿಟ್ಟಿತ್ತು. ಸಾಲವಿಲ್ಲ ಅಂದರೆ ಮನೆಯಿಲ್ಲ, ಮನೆಯಿಲ್ಲ ಅಂದರೆ ಮಕ್ಕಳಿಗೆ ಬಿಟ್ಟುಹೋಗಲು ಏನೂ ಇಲ್ಲ. ಬಾಡಿಗೆ ಕೊಡುವುದರಲ್ಲಿ, ಮನೆ ಮಾರುವುದರಲ್ಲಿ ಭೇದ ಮಾಡಬಾರದೆಂಬ ಕಾನೂನಿಗೆ ಸಹಿ ಬಿದ್ದದ್ದು 1968ರ ಏಪ್ರಿಲ್ 11ರಂದು, ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ಒಂದು ವಾರಕ್ಕೆ. ಕವಿತೆ ಅದೇ ವರ್ಷದ್ದು. ಇಷ್ಟೆಲ್ಲ ಇತಿಹಾಸ ಆ ಕವಿತೆಯೊಳಗೆ ಬಂದಿರುವುದು ಮೆರವಣಿಗೆಯಾಗಿ ಅಲ್ಲ, ಅಪ್ಪನ ಬಾಡಿದ ಮುಖವಾಗಿ. ಮಗು ಅದನ್ನು ನೋಡಿದೆ. ನಮಗೆ ಗೊತ್ತಿರುವುದೂ ಹಾಗೆಯೇ ಅಲ್ಲವೆ? ದೇವನೂರರ ‘ಒಡಲಾಳ’ದಲ್ಲಿ ರಾತ್ರಿ ಹೊತ್ತು ಇಡೀ ಮನೆ ಕೂತು ಕಡಲೆಕಾಯಿ ಸುಲಿದು ತಿನ್ನುವ ಪುಟಗಳಿಲ್ಲದಿದ್ದರೆ, ಬೆಳಗ್ಗೆ ಬರುವ ಪೊಲೀಸರಿಗೆ ಏನು ಅರ್ಥವಿರುತ್ತಿತ್ತು? ಅದೇ ಕತೆಯ ಸಾಕವ್ವನ ಕಳೆದುಹೋದ ಹುಂಜವನ್ನು ಬಿಟ್ಟು ಪೊಲೀಸರನ್ನು ಮಾತ್ರ ಇಂಗ್ಲಿಷಿಗೆ ಕಳಿಸಿದ್ದರೆ ನಾವು ಒಪ್ಪುತ್ತಿದ್ದೆವೆ?

ನನ್ನ ಪಾಲಿನ ಆರರ ಜೊತೆಗೆ ನಾನು ಮೊದಲು ಸೇರಿಸುವುದು ರಾಬರ್ಟ್ ಹೇಡನ್‌ನ ಚಳಿಗಾಲದ ಭಾನುವಾರಗಳ ಕವಿತೆ. ಚಿಕ್ಕದು, ಹದಿನಾಲ್ಕೇ ಸಾಲು. ವಾರವಿಡೀ ಹೊರಗೆ ದುಡಿದು ಕೈ ಒಡೆದುಕೊಂಡ ಅಪ್ಪ ಭಾನುವಾರವೂ ಕತ್ತಲಲ್ಲೇ ಏಳುತ್ತಾನೆ, ಬೆಂಕಿ ಹಚ್ಚುತ್ತಾನೆ, ಮನೆ ಬೆಚ್ಚಗಾದ ಮೇಲೆ ಮಗನನ್ನು ಕರೆಯುತ್ತಾನೆ, ಅವನ ಬೂಟಿಗೆ ಪಾಲಿಶ್ ಕೂಡ ಮಾಡಿಟ್ಟಿರುತ್ತಾನೆ. ಮಗ ಅವನ ಜೊತೆ ನೆಟ್ಟಗೆ ಮಾತಾಡುವುದಿಲ್ಲ. ಬಣ್ಣದ ಹೆಸರು ಜನಾಂಗದ ಗುರುತಾಗಿ ಎಲ್ಲಿಯೂ ಬರುವುದಿಲ್ಲ. ಹೇಡನ್ 1913ರಲ್ಲಿ ಡೆಟ್ರಾಯಿಟ್‌ನಲ್ಲಿ ಹುಟ್ಟಿದವನು. ಹೆತ್ತವರು ಇಟ್ಟ ಹೆಸರೇ ಬೇರೆ, ಆಸಾ ಬಂಡಿ ಶೆಫಿ ಎಂದು. ಪಕ್ಕದ ಮನೆಯ ಹೇಡನ್ ದಂಪತಿ ಸಾಕಿಕೊಂಡರು. ತನ್ನನ್ನು ಕಾನೂನು ಪ್ರಕಾರ ದತ್ತು ತೆಗೆದುಕೊಂಡಿಲ್ಲ ಎಂಬ ಸಂಗತಿ ಅವನಿಗೆ ತಿಳಿದದ್ದು ನಲವತ್ತರ ಆಸುಪಾಸಿನಲ್ಲಿ. ಅವನು ಬೆಳೆದ ಕೇರಿಯ ಹೆಸರು ಪ್ಯಾರಡೈಸ್ ವ್ಯಾಲಿ, ಸ್ವರ್ಗದ ಕಣಿವೆ. ಹೆಸರಿಟ್ಟವರಿಗೆ ಹಾಸ್ಯಪ್ರಜ್ಞೆ ಇತ್ತು ಅನ್ನಬೇಕು. ಮುಂದೆ ಹೆದ್ದಾರಿಯ ನೆಪದಲ್ಲಿ ಆ ಕಪ್ಪು ಕೇರಿಗಳನ್ನೇ ಕೆಡವಿ ಹಾಕಿದರು.

ಈ ಕವಿತೆಯ ಕೊನೆಯ ಸಾಲಿನಲ್ಲಿ ಒಂದು ಪದವಿದೆ, ನನ್ನನ್ನು ವರ್ಷಗಳಿಂದ ಕಾಡುತ್ತಿರುವುದು ಅದು. ಇಂಗ್ಲಿಷಿನಲ್ಲಿ ಅದಕ್ಕೆ ಕಚೇರಿ ಎಂಬ ಅರ್ಥವಿದೆ, ಹುದ್ದೆ ಎಂದಿದೆ, ಕರ್ತವ್ಯ ಎಂದಿದೆ, ಚರ್ಚಿನಲ್ಲಿ ಹೊತ್ತು ಹೊತ್ತಿಗೆ ನಡೆಯುವ ಪ್ರಾರ್ಥನೆ ಎಂದೂ ಇದೆ. ಪ್ರೀತಿ ಮಾಡುವ ಆ ಒಬ್ಬಂಟಿ ಕೆಲಸಕ್ಕೆ ಅವನು ಈ ಪದ ಇಟ್ಟಿದ್ದಾನೆ. ಮೊದಲು ನಾನು ‘ಕಾಯಕ’ ಎಂದು ಬರೆದೆ. ಸಭೆಯಲ್ಲಿ ಚಪ್ಪಾಳೆ ಬಿತ್ತು, ಮನೆಗೆ ಬಂದ ಮೇಲೆ ನಾಚಿಕೆಯಾಯಿತು. ಕಾಯಕ ಎಂದ ಕೂಡಲೇ ಕಲ್ಯಾಣ ಎದ್ದು ನಿಲ್ಲುತ್ತದೆ, ಅನುಭವ ಮಂಟಪ ಬರುತ್ತದೆ. ಕವಿತೆಯ ಆ ಅಪ್ಪನ ಹಿಂದೆ ಯಾವ ಮಂಟಪವೂ ಇರಲಿಲ್ಲ. ಆಮೇಲೆ ‘ಕೈಂಕರ್ಯ’ ಎಂದೆ, ಗರ್ಭಗುಡಿಯ ವಾಸನೆ ಬಂತು. ‘ಊಳಿಗ’ ಒಂದು ಕ್ಷಣ ಸರಿ ಅನ್ನಿಸಿತು. ಆದರೆ ಗುಲಾಮಗಿರಿಯ ಸಂತತಿಯವನು ತನ್ನ ಮನೆಯಲ್ಲಿ ತಾನಾಗಿ ಮಾಡಿದ ಕೆಲಸಕ್ಕೆ ಧಣಿಯ ಮನೆಯ ಪದವನ್ನು ಹಚ್ಚುವುದೆ?

ನಮ್ಮ ಮಲೆನಾಡಿನ ಮನೆಯಲ್ಲಿ ಬಚ್ಚಲ ಒಲೆಗೆ ಅಡಿಕೆ ಸಿಪ್ಪೆ ತುಂಬಿ ಹಂಡೆಗೆ ಉರಿ ಹಾಕುತ್ತಿದ್ದವರು ಅಪ್ಪ. ಮಳೆಗಾಲದಲ್ಲಿ ಸಿಪ್ಪೆ ಹಸಿಯಾಗಿ ಬರೀ ಹೊಗೆ. ಕೆಮ್ಮುತ್ತಾ ಊದುಕೊಳವೆ ಊದುವ ಸದ್ದಿಗೆ ನನಗೆ ಎಚ್ಚರವಾಗುತ್ತಿತ್ತು, ನಾನು ಕಂಬಳಿ ಮೇಲೆಳೆದುಕೊಳ್ಳುತ್ತಿದ್ದೆ. ಬಿಸಿನೀರು ಯಾರು ಕಾಯಿಸಿದರು ಎಂಬ ಪ್ರಶ್ನೆ ಒಂದು ದಿನವೂ ಹುಟ್ಟಲಿಲ್ಲ. ಆ ಕವಿತೆ ನನಗೆ ಅರ್ಥವಾದದ್ದು ಅಲ್ಲಿಂದ. ಹಾಗೆಂದು ಹೇಡನ್‌ನ ಅಪ್ಪನನ್ನು ಬಚ್ಚಲ ಒಲೆಯ ಮುಂದೆ ಕೂರಿಸುವುದಿಲ್ಲ. ಅವನ ಚಳಿ ಡೆಟ್ರಾಯಿಟ್‌ನ ಹಿಮದ ಚಳಿ, ಅದು ಅವನದಾಗಿಯೇ ಇರಲಿ.

ಇನ್ನೊಂದು ಸೇರ್ಪಡೆ ಗ್ವೆಂಡೊಲಿನ್ ಬ್ರೂಕ್ಸ್. ನಿಮ್ಮ ಪಟ್ಟಿಯಲ್ಲಿ ಅವಳ ಹೆಸರಿದೆ, ಆದರೆ ನೀವು ಆರಿಸಿದ್ದು 1967ರ ನಂತರದ ಬ್ರೂಕ್ಸ್‌ಳನ್ನು ಮಾತ್ರ. ಆ ವರ್ಷ ನ್ಯಾಶ್‌ವಿಲ್‌ನ ಫಿಸ್ಕ್ ವಿಶ್ವವಿದ್ಯಾಲಯದಲ್ಲಿ ನಡೆದ ಕಪ್ಪು ಲೇಖಕರ ಸಮ್ಮೇಳನದಲ್ಲಿ ಹುಡುಗರ ಆವೇಶ ನೋಡಿ ಅವಳು ಬದಲಾದಳು, ದೊಡ್ಡ ಪ್ರಕಾಶಕರನ್ನು ಬಿಟ್ಟು ಡೆಟ್ರಾಯಿಟ್‌ನ ಪುಟ್ಟ ಬ್ರಾಡ್‌ಸೈಡ್ ಪ್ರೆಸ್ಸಿಗೆ ಪುಸ್ತಕ ಕೊಟ್ಟಳು. ಅದು ದೊಡ್ಡ ನಡೆ, ನಿಜ. ವಿಚಿತ್ರ ನೋಡಿ, ಅದೇ ಫಿಸ್ಕ್‌ನಲ್ಲಿ ಹಿಂದಿನ ವರ್ಷ ಹೇಡನ್‌ನನ್ನು ತರಾಟೆಗೆ ತೆಗೆದುಕೊಂಡಿದ್ದರು. ತಾನು ಮೊದಲು ಕವಿ, ಆಮೇಲೆ ಕಪ್ಪು ಕವಿ ಎಂದದ್ದು ಅವನ ಅಪರಾಧ. ಅವನು ಅಲ್ಲಿಯೇ ಇಪ್ಪತ್ತು ವರ್ಷದಿಂದ ಪಾಠ ಮಾಡುತ್ತಿದ್ದ ಮೇಷ್ಟ್ರು. ‘ದಲಿತ ಕವಿ’ ಅನ್ನಬೇಕೋ ‘ಕವಿ’ ಅನ್ನಬೇಕೋ ಎಂದು ನಾವೂ ಜಗಳವಾಡಿದ್ದೇವಲ್ಲ, ಆ ಜಗಳದಲ್ಲಿ ನಾನು ಎರಡೂ ಕಡೆ ಕೈಯೆತ್ತಿದವನು. ಇವತ್ತಿಗೂ ಬ್ರೂಕ್ಸ್ ಸರಿ, ಹೇಡನ್ ಕೂಡ ಸರಿ ಎಂದೇ ಅನ್ನಿಸುತ್ತದೆ.

ಹಳೆಯ ಬ್ರೂಕ್ಸ್‌ಳನ್ನು ಬಿಡಬೇಡಿ. ತಂದೆ ಡೇವಿಡ್ ಬ್ರೂಕ್ಸ್ ವೈದ್ಯನಾಗುವ ಕನಸು ಕೈಬಿಟ್ಟು ಕಟ್ಟಡ ಗುಡಿಸಿ ಒರೆಸುವ ಕೆಲಸ ಮಾಡಿದವನು, ಮಗಳು ಬರೆಯಲೆಂದು ಮೇಜು ತಂದುಕೊಟ್ಟವನು. ತಾಯಿ ಕೆಜಾಯಾ ಶಾಲೆಯ ಟೀಚರಾಗಿದ್ದವಳು, ಮಗಳು ಪಾಲ್ ಲಾರೆನ್ಸ್ ಡನ್‌ಬಾರ್‌ನಂತೆ ಕವಿಯಾಗುತ್ತಾಳೆ ಎಂದು ಚಿಕ್ಕಂದಿನಿಂದಲೇ ಹೇಳಿ ನಂಬಿಸಿದವಳು. 1950ರಲ್ಲಿ ಪುಲಿಟ್ಜರ್ ಬಹುಮಾನ ಪಡೆದ ಮೊದಲ ಕಪ್ಪು ಲೇಖಕಿ ಅಂದರೆ ಅವಳೇ. ಸುದ್ದಿ ಬಂದಾಗ ಶಿಕಾಗೋದ ಆ ಮನೆಯಲ್ಲಿ ಬಿಲ್ಲು ಕಟ್ಟದೆ ಕರೆಂಟು ಹೋಗಿತ್ತಂತೆ. 1960ರ ಅವಳ ಸಂಕಲನದ ಹೆಸರಿನ ಕವಿತೆಯಲ್ಲಿ ಒಂದು ಮುದಿ ಜೋಡಿ ಬಾಡಿಗೆಯ ಹಿಂಗೋಣೆಯಲ್ಲಿ ಬೇಯಿಸಿದ ಕಾಳು ತಿನ್ನುತ್ತಾ ಕೂತಿರುತ್ತದೆ. ನಮ್ಮಲ್ಲಿ ಯಾರೋ ಇದನ್ನು ‘ಬೀನ್ಸ್’ ಎಂದೇ ಇಳಿಸಿದ್ದನ್ನು ಓದಿದ್ದೆ. ಕನ್ನಡದ ಓದುಗರಿಗೆ ಬೀನ್ಸ್ ಎಂದರೆ ಹಸಿರು ಪಲ್ಯ, ಮದುವೆ ಮನೆಯ ಎಲೆಯ ತುದಿ. ಅಲ್ಲಿರುವುದು ಒಣಕಾಳು, ಬೇರೇನೂ ಇಲ್ಲದವರ ಊಟ. ‘ಹುರುಳಿ’ ಅಂದರೆ ನಮ್ಮ ಬಡತನಕ್ಕೆ ಹತ್ತಿರ, ಎತ್ತಿಗೂ ಕೊಡುತ್ತೇವೆ. ಆದರೆ ಶಿಕಾಗೋದಲ್ಲಿ ಹುರುಳಿ ಎಲ್ಲಿಂದ ಬರಬೇಕು? ಬರೀ ‘ಕಾಳು’ ಎಂದು ಬಿಡೋಣ ಅನ್ನಿಸುತ್ತದೆ.

ಅದೇ ಸಂಕಲನದಲ್ಲಿ ಎಮೆಟ್ ಟಿಲ್‌ನ ಕುರಿತ ಎರಡು ಕವಿತೆಗಳಿವೆ. ಅವನ ಕಥೆ ನಿಮಗೆ ಗೊತ್ತಿದ್ದರೂ ಮನೆಯ ಕಡೆಯಿಂದ ಮತ್ತೊಮ್ಮೆ ಹೇಳುತ್ತೇನೆ. 1955ರ ಆಗಸ್ಟಿನಲ್ಲಿ ಶಿಕಾಗೋದ ಹದಿನಾಲ್ಕು ವರ್ಷದ ಹುಡುಗ ರಜೆಗೆಂದು ಮಿಸಿಸಿಪಿಯ ಬಂಧುಗಳ ಮನೆಗೆ ಹೋದ. ಅಂಗಡಿಯ ಬಿಳಿಯ ಹೆಂಗಸಿನ ಜೊತೆ ಸಲಿಗೆಯಿಂದ ನಡೆದುಕೊಂಡ ಎಂಬ ಆರೋಪ ಹೊರಿಸಿ, 28ರ ನಡುರಾತ್ರಿ ಅವನನ್ನು ಹಾಸಿಗೆಯಿಂದ ಎಬ್ಬಿಸಿ ಎಳೆದೊಯ್ದರು. ಮೂರು ದಿನಕ್ಕೆ ಟ್ಯಾಲಹ್ಯಾಚಿ ನದಿಯಲ್ಲಿ ಹೆಣ ಸಿಕ್ಕಿತು, ಹತ್ತಿಯಿಂದ ಬೀಜ ಬೇರ್ಪಡಿಸುವ ಯಂತ್ರದ ಫ್ಯಾನನ್ನು ಮುಳ್ಳುತಂತಿಯಿಂದ ಕೊರಳಿಗೆ ಬಿಗಿದಿದ್ದರು. ಮುಖ ಗುರುತು ಸಿಗುವ ಹಾಗಿರಲಿಲ್ಲ. ಗುರುತು ಹೇಳಿದ್ದು ಬೆರಳಿನ ಉಂಗುರ, ಸತ್ತ ಅಪ್ಪನ ಹೆಸರಿನ ಮೊದಲಕ್ಷರಗಳನ್ನು ಕೊರೆದಿದ್ದ ಉಂಗುರ. ಶವಪೆಟ್ಟಿಗೆಯ ಮುಚ್ಚಳ ತೆರೆದೇ ಇರಬೇಕು, ಲೋಕ ನೋಡಬೇಕು ಎಂದು ತಾಯಿ ಮೇಮಿ ಹಟ ಹಿಡಿದಳು. ಸಾವಿರಾರು ಜನ ಸಾಲುಗಟ್ಟಿ ನೋಡಿದರು. ಸೆಪ್ಟೆಂಬರಿನಲ್ಲಿ ಹನ್ನೆರಡು ಮಂದಿ ಬಿಳಿಯ ಗಂಡಸರ ಜೂರಿ ಸುಮಾರು ಒಂದು ಗಂಟೆ ಕೂತೆದ್ದು ಇಬ್ಬರು ಆರೋಪಿಗಳನ್ನೂ ಬಿಟ್ಟುಬಿಟ್ಟಿತು. ನಾಲ್ಕು ತಿಂಗಳಿಗೆ ಅವರೇ ಪತ್ರಿಕೆಯೊಂದಕ್ಕೆ ಕೊಂದದ್ದು ನಾವೇ ಎಂದು ಹೇಳಿಕೊಂಡರು.

ಆ ಆಗಸ್ಟಿನಲ್ಲಿ ಅದೇ ಊರಿನ ಬ್ರೂಕ್ಸ್‌ಳ ಮಗನಿಗೂ ಹದಿನಾಲ್ಕು ವರ್ಷ. ಅವಳು ಬರೆದ ಉದ್ದದ ಕವಿತೆ ಆರೋಪ ಹೊರಿಸಿದ ಬಿಳಿಯ ಹೆಂಗಸಿನ ಅಡುಗೆಮನೆಯಲ್ಲಿ ನಡೆಯುತ್ತದೆ. ತವೆಯ ಮೇಲೆ ಮಾಂಸ ಸೀದುಹೋಗುತ್ತದೆ, ಅವಳಿಗೆ ಗಂಡನ ಕೈ ನೋಡಿದರೆ ಮೈ ಜುಂ ಅನ್ನುತ್ತದೆ. ಇನ್ನೊಂದು ತೀರ ಚಿಕ್ಕದು, ಮಣ್ಣು ಮಾಡಿದ ಮೇಲೆ ತಾಯಿ ಕೋಣೆಯಲ್ಲಿ ಕೂತು ಕಾಫಿ ಕುಡಿಯುತ್ತಾಳೆ. ನ್ಯಾಯಾಲಯ ಇಲ್ಲ, ನದಿ ಇಲ್ಲ, ಕೊಂದವರ ಹೆಸರಿಲ್ಲ. ಮೈಕಿನ ಮುಂದೆ ಇದು ನಿಲ್ಲುವುದಿಲ್ಲ ಎಂದು ನಾನು 1983ರಲ್ಲಿ ಬದಿಗಿಟ್ಟ ಕವಿತೆ ಇದೇ. ಹೆಸರಿನಲ್ಲೇ ಅದನ್ನು ಒಂದು ಲಾವಣಿಯ ಕೊನೆಯ ಚೌಪದಿ ಎಂದು ಕರೆದಿದ್ದಾಳೆ. ಲಾವಣಿ ಹಾಡಿ ಮುಗಿದು ಜನ ಎದ್ದುಹೋದ ಮೇಲೆ ಉಳಿದದ್ದನ್ನು ಬರೆದಿದ್ದಾಳೆ.

ಲ್ಯಾಂಗ್‌ಸ್ಟನ್ ಹ್ಯೂಸ್ 1922ರಲ್ಲಿ ಬರೆದ, ತಾಯಿ ಮಗನಿಗೆ ಹೇಳುವ ಕವಿತೆಯನ್ನು ಯಾರಾದರೂ ತರುಣರು ತೆಗೆದುಕೊಳ್ಳಿ. ಅವನನ್ನು ಬೆಳೆಸಿದ ಅಜ್ಜಿ ಮೇರಿ, ತನ್ನ ಮೊದಲ ಗಂಡನ ಗುಂಡುತೂತುಗಳ ಶಾಲನ್ನು ಮೊಮ್ಮಗನಿಗೆ ಹೊದಿಸಿ ಮಲಗಿಸುತ್ತಿದ್ದಳಂತೆ. ಆ ಗಂಡ 1859ರಲ್ಲಿ ಹಾರ್ಪರ್ಸ್ ಫೆರಿಯಲ್ಲಿ ಜಾನ್ ಬ್ರೌನ್‌ನ ಜೊತೆ ಗುಲಾಮಗಿರಿಯ ವಿರುದ್ಧ ಹೋರಾಡಿ ಸತ್ತವನು. ಅನುವಾದದಲ್ಲಿ ತೊಡಕಿರುವುದು ಒಂದೇ ಕಡೆ, ತಾಯಿ ಮಗನನ್ನು ಕರೆಯುವ ಮಾತು. ‘ಮಗನೆ’ ಅಂದರೆ ಈಗ ಸಿನಿಮಾದ ಸವಾಲಾಗಿಬಿಟ್ಟಿದೆ. ‘ಕಂದ’ ಅಂದರೆ ಅವನು ತೊಟ್ಟಿಲಿಗೆ ಹೋಗುತ್ತಾನೆ. ‘ಪುತ್ರ’ದ ಸುದ್ದಿಯೇ ಬೇಡ. ‘ಮಗಾ’ ಎಂದು ನೋಡಿ. ಅವಳು ಓದು ಕಲಿಯದವಳ ಮಾತಾಡುತ್ತಾಳೆಂದು ನಮ್ಮ ಯಾವುದೋ ಕೇರಿಯ ಭಾಷೆಯನ್ನು ಪೂರ್ತಿ ಹಚ್ಚಬೇಡಿ, ಹತ್ತು ಸಾಲಿನೊಳಗೆ ಅವಳು ಮಂಡ್ಯದವಳಾಗಿ ಬಿಡುತ್ತಾಳೆ.

ಲೂಸಿಲ್ ಕ್ಲಿಫ್ಟನ್‌ಳ ಹೆಸರು ಪಟ್ಟಿಯಲ್ಲಿಲ್ಲ, ಇದು ದೊಡ್ಡ ಕೊರತೆ. ಆರು ಮಕ್ಕಳ ತಾಯಿ, 1936ರಿಂದ 2010ರ ತನಕ ಬಾಳಿದವಳು. ಅವಳ ಅಮ್ಮ ಥೆಲ್ಮಾ ಕವಿತೆ ಬರೆಯುತ್ತಿದ್ದಳು. ಅಚ್ಚು ಹಾಕಿಸಲು ಗಂಡ ಬಿಡಲಿಲ್ಲ, ಅಷ್ಟನ್ನೂ ಒಲೆಗೆ ಹಾಕಿ ಸುಟ್ಟಳು. ಆ ಬೆಂಕಿಯನ್ನು ಮಗಳು ನೋಡಿದ್ದಳು. ಇಲ್ಲಿ ಕೊಟ್ಟ ನೋವು ಬಿಳಿಯರದಲ್ಲ, ಪ್ರೀತಿಯ ಅಪ್ಪನದೇ, ಅದನ್ನೂ ಅವಳು ಮುಚ್ಚಿಡಲಿಲ್ಲ. ಕುಟುಂಬಪ್ರೀತಿಯ ಕವಿತೆ ಅಂದರೆ ಬೆಲ್ಲದ ಪಾಕ ಎಂದುಕೊಂಡವರು ಇದನ್ನು ಓದಬೇಕು. ಕ್ಲಿಫ್ಟನ್ ಇಂಗ್ಲಿಷಿನ ದೊಡ್ಡಕ್ಷರಗಳನ್ನು ಬಿಟ್ಟು ಎಲ್ಲವನ್ನೂ ಸಣ್ಣಕ್ಷರದಲ್ಲಿ ಬರೆದಳು, ‘ನಾನು’ ಎಂಬುದನ್ನು ಕೂಡ. ಕನ್ನಡದಲ್ಲಿ ದೊಡ್ಡಕ್ಷರವೇ ಇಲ್ಲ. ಅವಳ ಆ ಇಡೀ ತಗಾದೆ ನಮ್ಮ ಲಿಪಿಗೆ ಬಂದ ಕ್ಷಣ ಮಾಯವಾಗುತ್ತದೆ. ಆದರೆ ನಮ್ಮಲ್ಲಿ ಇನ್ನೊಂದು ಅನುಕೂಲವಿದೆ. ‘ನಾನು’ ಎಂಬುದನ್ನು ಬರೆಯದೆಯೇ ‘ಬಂದೆ’, ‘ಕಂಡೆ’ ಅನ್ನಬಹುದು, ಕ್ರಿಯಾಪದದ ಬಾಲದಲ್ಲಿ ಅದು ತಲೆ ತಗ್ಗಿಸಿ ಕೂತಿರುತ್ತದೆ. ಕ್ಲಿಫ್ಟನ್‌ಗೆ ನಾನು ಹುಡುಕಿದ ದಾರಿ ಇದು, ನಿಮಗೆ ಒಪ್ಪಿಗೆಯಾದರೆ ಇಡೀ ಪುಸ್ತಕಕ್ಕೆ ಅನ್ವಯಿಸೋಣ.

ಇನ್ನು ಪುಸ್ತಕದ ಹೆಸರಿನ ವಿಷಯ. ನನ್ನ ಹಳೆಯ ಪುಸ್ತಕದಲ್ಲಿ ‘ನೀಗ್ರೋ’ ಎಂದು ಬರೆದುಕೊಂಡಿದ್ದೇನೆ, ಅದು ಹೋಗಲಿ. ‘ಆಫ್ರಿಕನ್ ಅಮೆರಿಕನ್’ ಅರ್ಜಿ ನಮೂನೆಯ ಹಾಗೆ ಕೇಳುತ್ತದೆ. ನೀವು ಸೂಚಿಸಿದ ‘ಕರಿಯರ ಕಾವ್ಯ’ ನನಗೆ ಒಪ್ಪಿಗೆಯಿಲ್ಲ. ಕರಿಯ, ಕರಿಯಪ್ಪ, ಕರಿಯಮ್ಮ ನಮ್ಮಲ್ಲಿ ಅಜ್ಜಂದಿರ ಹೆಸರು, ದೇವರ ಹೆಸರು. ಅಷ್ಟೇ ಆಗಿದ್ದರೆ ಚೆನ್ನಾಗಿತ್ತು. ಅದೇ ಪದವನ್ನು ನಾವು ಬೀದಿಯಲ್ಲಿ ಹೇಗೆ ಬಳಸುತ್ತೇವೆ ಎಂದು ಯಲ್ಲಾಪುರ, ಹಳಿಯಾಳ, ಅಂಕೋಲೆಯ ಕಡೆ ಹೋಗಿ ಸಿದ್ದಿ ಮಕ್ಕಳನ್ನು ಕೇಳಿ. ಆಫ್ರಿಕದಿಂದ ಗುಲಾಮರಾಗಿ ತರಲ್ಪಟ್ಟವರ ವಂಶದ ಅವರು ತಲೆಮಾರುಗಳಿಂದ ಇಲ್ಲಿನವರು. ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಲು 2003ರವರೆಗೆ ಕಾಯಬೇಕಾಯಿತು. ಹಳೆ ಬಟ್ಟೆಯ ತುಂಡು ಜೋಡಿಸಿ ಅವರ ಹೆಂಗಸರು ಹೊಲಿಯುವ ಕೌದಿಯನ್ನು ಪ್ರದರ್ಶನದಲ್ಲಿ ಕೊಂಡು ಗೋಡೆಗೆ ನೇತುಹಾಕುತ್ತೇವೆ. 2016ರ ಜನವರಿ ಕೊನೆಗೆ ಬೆಂಗಳೂರಿನಲ್ಲಿ, ಯಾರೋ ಮಾಡಿದ ಅಪಘಾತಕ್ಕೆ ಏನೂ ಸಂಬಂಧವಿಲ್ಲದ ತಾಂಜಾನಿಯದ ವಿದ್ಯಾರ್ಥಿನಿಯನ್ನು ಜನ ಕಾರಿನಿಂದ ಎಳೆದು ಹೊಡೆದರು, ಬಣ್ಣ ಒಂದೇ ಎಂಬ ಕಾರಣಕ್ಕೆ. ಹೀಗಿರುವಾಗ ಅಮೆರಿಕದ ಬಿಳಿಯರ ಅನ್ಯಾಯದ ಮೇಲೆ ನಲವತ್ತು ಕವಿತೆ ಅಚ್ಚು ಹಾಕುವುದು ಸುಲಭದ ಕೆಲಸ. ಕನ್ನಡದ ಪುಸ್ತಕ ಬಿಡುಗಡೆಗೆ ಒಬ್ಬ ಸಿದ್ದಿ ಹುಡುಗಿಯನ್ನು ಕರೆದು ಓದಿಸುವುದಾದರೆ, ಯಾವ ಹೆಸರಿಟ್ಟರೆ ಅವಳು ತಲೆ ತಗ್ಗಿಸದೆ ಓದಬಲ್ಲಳು? ನನ್ನ ಮಟ್ಟಿಗೆ ‘ಕಪ್ಪು ಕವಿತೆ’. ಅದೂ ಅವಳನ್ನು ಕೇಳಿದ ಮೇಲೆ.

ಹಾಗಾಗಿ ನನ್ನ ವಿನಂತಿ ಇಷ್ಟು. ನಲವತ್ತನ್ನು ನಲವತ್ತೈದು ಮಾಡಲು ಪುಟವಿಲ್ಲದಿದ್ದರೆ ನನ್ನ ಮುನ್ನುಡಿಯ ಹನ್ನೆರಡು ಪುಟ ಕಿತ್ತುಹಾಕಿ. ಹೇಡನ್, ಬ್ರೂಕ್ಸ್‌ಳ ತಾಯಿಯ ಕವಿತೆ, ಕಾಳಿನ ಕವಿತೆ, ಜೊವಾನಿ, ಕ್ಲಿಫ್ಟನ್ ಒಳಗೆ ಬರಲಿ. ಮುಷ್ಟಿಯ ಕವಿತೆಗಳನ್ನು ತೆಗೆಯಬೇಡಿ. ಮನೆಯ ಕವಿತೆಗಳನ್ನು ಬೇರೆ ಭಾಗ ಮಾಡಿ ಕೊನೆಗೂ ತಳ್ಳಬೇಡಿ, ಮುಷ್ಟಿಯ ಕವಿತೆಗಳ ನಡುನಡುವೆಯೇ ಇಡಿ.

ಹೇಡನ್‌ನ ಆ ಪದಕ್ಕೆ ಸದ್ಯ ‘ಚಾಕರಿ’ ಎಂದು ಬರೆದಿಟ್ಟಿದ್ದೇನೆ. ‘ನಿಮ್ಮೆಲ್ಲರ ಚಾಕರಿ ಮಾಡಿ ಮಾಡಿ’ ಎಂದು ಅಮ್ಮ ಬೈಯುತ್ತಾ ಬಡಿಸುತ್ತಿದ್ದಳಲ್ಲ, ಆ ಚಾಕರಿ. ಅಪ್ಪ ಆ ಮಾತನ್ನೂ ಆಡಿದವರಲ್ಲ. ನಿಮ್ಮ ಮನೆಗಳಲ್ಲಿ ಇದಕ್ಕೆ ಬೇರೆ ಮಾತಿದ್ದರೆ, ಹಿರಿಯರನ್ನು ಕೇಳಿ ಒಂದು ಕಾರ್ಡು ಹಾಕಿ. ಪೆನ್ಸಿಲಿನಲ್ಲೇ ಬರೆದಿದ್ದೇನೆ, ರಬ್ಬರು ಪಕ್ಕದಲ್ಲೇ ಇದೆ.

ಇಂತಿ,
ನಿಮ್ಮ ತಂಡದ ಹಿರಿಯ